ಕಾವೇರಿ ಜಗಳದ ಬಗ್ಗೆ ಗುಂಪಿನ ಎಲ್ಲರಿಗೂ

ನಮಸ್ಕಾರ. ನಿನ್ನೆ ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತದೆ ಎಂಬಲ್ಲಿಂದ ಶುರುವಾದ ಮಾತು ಕಾವೇರಿಗೆ ಹೋಗಿ, ಕೊನೆಗೆ ಯಾರ ಮನೆಯಲ್ಲಿ ಯಾವ ಭಾಷೆ ಎಂಬಲ್ಲಿಗೆ ಬಂದು ನಿಂತಿತು. (ಟ್ಯಾಂಕರ್ ವಿಷಯ ಯಾರೂ ಹೇಳಲೇ ಇಲ್ಲ ಬಿಡಿ.)

ವಾದ ಬೇಡ ಅನ್ನುತ್ತಿಲ್ಲ, ಅಂಕಿ ಹಿಡಿದು ಮಾಡಿ. "ಕೋರ್ಟಿನಿಂದ ನಮಗೆ ಏನೂ ದಕ್ಕಲಿಲ್ಲ" ಎಂದವರು ಗಮನಿಸಿ: 2007ರಲ್ಲಿ ಕಾವೇರಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟಿದ್ದು 270 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು). 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿತು. ಹೆಚ್ಚುವರಿಯಲ್ಲಿ 4.75 ಟಿಎಂಸಿ ನಮ್ಮ ಬೆಂಗಳೂರಿಗೇ. ಗಡಿಯಲ್ಲಿ ನೀರು ಅಳೆಯುವ ಜಾಗವಾದ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಸಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. ಮಳೆ ಕೈಕೊಟ್ಟ ವರ್ಷ ಕೊರತೆಯನ್ನು ಹಂಚಿಕೊಳ್ಳುವುದು ಹೇಗೆ ಎಂಬುದೇ ಅಸಲಿ ತಕರಾರು. ಅದರ ಬಗ್ಗೆ ನಿನ್ನೆ ಒಬ್ಬರೂ ತುಟಿ ಬಿಚ್ಚಲಿಲ್ಲ.

ಕೆಆರ್‌ಎಸ್ ಅಣೆಕಟ್ಟಿನ ಗೇಟಿನಿಂದ ನೀರು ಧುಮುಕುವ ಆ ವಿಡಿಯೊ "ಈಗಷ್ಟೇ ತೆಗೆದದ್ದು" ಅಂತ ಮೂರು ಜನ ಹಾಕಿದ್ದೀರಿ. ತುಂಬಿದ ಮಟ್ಟ 124.80 ಅಡಿ. ಇವತ್ತು ಎಷ್ಟಿದೆ ಎಂದು ಪೇಪರಿನಲ್ಲಿ ನೋಡಿ ಆಮೇಲೆ ಫಾರ್ವರ್ಡ್ ಮಾಡಿ. 2016ರ ಸೆಪ್ಟೆಂಬರಿನಲ್ಲಿ ಎರಡೂ ಕಡೆ ಹಲ್ಲೆಯ ವಿಡಿಯೊಗಳು ಮೊಬೈಲಿಂದ ಮೊಬೈಲಿಗೆ ಹಾರಿದವು, ಇದೇ ಊರಲ್ಲಿ ಬಸ್ಸುಗಳು ಉರಿದವು. ಮರೆತುಬಿಟ್ಟೆವಾ?

ಇನ್ನು ಮುಂದೆ ಯಾರದೇ ಮನೆಮಾತಿನ ಬಗ್ಗೆ ಕೊಂಕು ಬರೆದರೆ ಆ ಮೆಸೇಜ್ ಅಳಿಸುತ್ತೇವೆ. ಎರಡನೇ ಸಲಕ್ಕೆ ವಾರದ ಮಟ್ಟಿಗೆ ಗುಂಪಿನಿಂದ ಹೊರಗೆ. ಅಡ್ಮಿನ್‌ಗಳೂ ಇದಕ್ಕೆ ಹೊರತಲ್ಲ.