ಬೋಕಿ ಚೂರು ಕಸವಲ್ಲ

ಮಾನ್ಯ ಸಂಪಾದಕರೇ,

ನಮ್ಮ ಬೆಳಗಾವಿಯ ವಡಗಾವಿ-ಮಾಧವಪುರದಲ್ಲಿ ಶಾತವಾಹನರ ಕಾಲದ ಊರೇ ಸಿಕ್ಕಿದೆ. ಆದರೂ ಪಾಯ ತೋಡುವಾಗ ಗಡಿಗೆ ಚೂರು ಬಂದರೆ ಸುಮ್ನೆ ಟ್ರ್ಯಾಕ್ಟರ್‌ಗೆ ತುಂಬಿ ಕಳಿಸುತ್ತಾರೆ. ಮೊನ್ನೆ ಒಂದನ್ನು ನಾನೇ ಎತ್ತಿ ನೋಡಿದೆ: ಒಳಗೆ ಕಪ್ಪು, ಹೊರಗೆ ಕೆಂಪು, ಕಂಠದ ಹತ್ತಿರ ಕುಂಬಾರನ ಬೆರಳಿನ ಗೆರೆ.

ಇಂಥ ಚೂರನ್ನು 0.03 ಮಿಲಿಮೀಟರ್ ತೆಳ್ಳಗೆ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಣ್ಣಿಗೆ ಯಾವ ಕಲ್ಲಿನ ಹರಳು ಬೆರೆತಿದೆ ಅಂತ ಗೊತ್ತಾಗುತ್ತದೆ, ಎಕ್ಸ್-ರೇ ಹಾಯಿಸಿದರೆ ಯಾವ ಧಾತು ಎಷ್ಟಿದೆ ಅನ್ನೋದೂ ಸಿಗುತ್ತದೆ, ಅದನ್ನು ಸುತ್ತಲಿನ ಮಣ್ಣಿನ ಜೊತೆ ತಾಳೆ ಹಾಕಿದರೆ ಗಡಿಗೆ ಇಲ್ಲಿಯದೋ, ವ್ಯಾಪಾರಕ್ಕೆ ಬಂದದ್ದೋ ಎಂದು ಅಂದಾಜು ಮಾಡಬಹುದು. ಖಾನಾಪುರದ ಕುಂಬಾರರ ಮಣ್ಣು ಹತ್ತಿರದಲ್ಲೇ ಇದೆ ಅಲ್ವಾ? ಅಲ್ಲಿಂದಲೇ ಯಾರಾದರೂ ಶುರು ಮಾಡಲಿ.

- ಒಬ್ಬ ಓದುಗ, ಬೆಳಗಾವಿ