ಎಡಗಡೆ ಸೀಟಿನವನಿಗೆ

ಪ್ರೀತಿಯ ಮೀಟರ್,

ಗಾಡಿ ಎದ್ದಿತು ಕಣೋ.

ಹೋದ ಭಾನುವಾರ ಬೆಳಗ್ಗೆ ಆರೂಕಾಲಿಗೆ. ದಾವಣಗೆರೆ ಮಂಡಿಪೇಟೆಯ ನಮ್ಮ ಹಳೇ ಗೋಡೌನಿನಲ್ಲಿ, ನಾವಿಬ್ಬರೂ ಅರಳೆ ಮೂಟೆ ಹತ್ತಿ ಜಿಗಿಯುತ್ತಿದ್ದೆವಲ್ಲ, ಅದೇ ಜಾಗದಲ್ಲಿ. ಕೀ ತಿರುಗಿಸಿದೆ. ಪೆಟ್ರೋಲ್ ಪಂಪ್ ಟಕ್ ಟಕ್ ಟಕ್ ಅಂತ ಶುರು ಮಾಡಿತು. ಕಾರ್ಬ್ಯುರೇಟರ್ ತುಂಬುವವರೆಗೂ ಅದು ಹಾಗೇ ಬಡಿಯುತ್ತದೆ. ತುಂಬುತ್ತಾ ಬಂದ ಹಾಗೆ ನಿಧಾನ ಆಗುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಅಪ್ಪ "ಹ್ಞಾಂ, ಹಾಲು ಕುಡೀತು" ಅನ್ನುತ್ತಿದ್ದರು. ನೆನಪಿದೆಯಾ? ನಾನೂ ಅಂದೆ. ಒಬ್ಬನೇ ಇದ್ದೆ, ಆದರೂ ಬಾಯಿಬಿಟ್ಟೇ ಅಂದೆ. ಸ್ಟಾರ್ಟರ್ ಎಳೆದೆ. ಎರಡು ಸಲ ಕೆಮ್ಮಿತು. ಮೂರನೇ ಸಲ ಹಿಡಿದುಕೊಂಡಿತು.

ನಿನ್ನ ಮಜ್ಜಿಗೆ ಕ್ಯಾನ್ ಈಗಲೂ ಅದೇ ಮೊಳೆಯಲ್ಲಿ ನೇತಾಡುತ್ತಿದೆ. ಇಂಜಿನ್ ಶುರುವಾದ ಕೂಡಲೇ ಗೋಡೆಗೆ ಬಡಿದು ಸದ್ದು ಮಾಡಿತು. ನೀನೇ ಬಂದ ಹಾಗಾಯಿತು.

ಇದನ್ನು ಓದುವ ಬೇರೆಯವರಿಗೂ ಗಾಡಿ ಯಾವುದು ಅಂತ ಹೇಳಬೇಕಲ್ಲ. ನೀನು ಬೇಕಾದರೆ ಇಷ್ಟನ್ನು ಬಿಟ್ಟು ಮುಂದೆ ಓದು. ಬಿಡಲ್ಲ ಅಂತ ಗೊತ್ತು.

ಅದು ಎಂಜಿ ಟಿಸಿ. ಎಂಜಿ ಅಂದರೆ ಮೋರಿಸ್ ಗ್ಯಾರೇಜಸ್. ಪಕ್ಕದ ಮನೆಯ ಹುಡುಗ ಈಗಿನ ಎಂಜಿ ಕಾರು ಅಂದುಕೊಂಡು "ಹೆಕ್ಟರಾ ಅಂಕಲ್?" ಅಂತ ಕೇಳಿದ, ಅವನಿಗೆ ಒಳಗೆ ಕರೆದು ತೋರಿಸಿದೆ. ಇಂಗ್ಲೆಂಡಿನ ಆಬಿಂಗ್ಡನ್ ಅನ್ನೋ ಊರಲ್ಲಿ 1945ರಿಂದ 1949ರವರೆಗೆ ಇದನ್ನು ಮಾಡಿದರು. ಎಲ್ಲ ಸೇರಿ ಹತ್ತು ಸಾವಿರದಷ್ಟು ಅಷ್ಟೇ. ಎರಡೇ ಸೀಟು. ಸೈಕಲ್ಲಿನ ಹಾಗೆ ಕಡ್ಡಿ ಚಕ್ರ, 19 ಇಂಚಿನದು. ಮುಂದಿನ ಗಾಜನ್ನು ಬಾನೆಟ್ ಮೇಲೆ ಮಲಗಿಸಬಹುದು. ಇಂಜಿನ್ 1250 ಸಿಸಿ, ಶಕ್ತಿ 54 ಹಾರ್ಸ್‌ಪವರ್. ನಮ್ಮದು 1948ರ ಗಾಡಿ. ತಾತ 1956ರಲ್ಲಿ ಚಿಕ್ಕಮಗಳೂರಿನ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬನಿಂದ ಕೊಂಡಿದ್ದು. ಆಗ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ವ್ಯಾಪಾರದವರ ಕೈಯಲ್ಲಿ ದುಡ್ಡಿತ್ತು.

ಇನ್ನೊಂದು ವಿಷಯ ಈ ಗಾಡಿ ನೋಡದವರು ನಂಬುವುದೇ ಇಲ್ಲ. ಓಡಿಸುವವನ ಎದುರಿಗೆ ಸ್ಪೀಡೋಮೀಟರ್ ಇಲ್ಲ. ಅವನ ಎದುರು ಇಂಜಿನ್ ಎಷ್ಟು ಸುತ್ತುತ್ತಿದೆ ಅಂತ ತೋರಿಸುವ ಮುಳ್ಳು ಮಾತ್ರ. ಸ್ಪೀಡೋಮೀಟರ್ ಇರುವುದು ಎಡಗಡೆ, ಪಕ್ಕದಲ್ಲಿ ಕೂತವನ ಎದುರಿಗೆ. ಅಂದರೆ ನಿನ್ನ ಎದುರಿಗೆ. ಅಪ್ಪ ಓಡಿಸುವಾಗ ನೀನು, ನಿನ್ನ ತೊಡೆಯ ಮೇಲೆ ನಾನು. "ನಲವತ್ತು! ನಲವತ್ತೈದು! ಕಾಕಾ, ಐವತ್ತು!" ಅಂತ ನೀನು ಕೂಗುತ್ತಿದ್ದೆ. ಅದು ಮೈಲಿ ಲೆಕ್ಕ ಅಂತ ನಮಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ರಿಪೇರಿಯ ಕತೆ ನಿನಗೆ ಅರ್ಧ ಗೊತ್ತು. ಉಳಿದರ್ಧ ಹೇಳುತ್ತೇನೆ.

ಈ ಗಾಡಿಯ ಮೈ ತಗಡಿನದಾದರೂ ಒಳಗಿನ ಎಲುಬು ಮರದ್ದು. ಆಶ್ ಅನ್ನೋ ಇಂಗ್ಲೆಂಡಿನ ಮರ. ಗೋಡೌನಿನಲ್ಲಿ ಹತ್ತು ವರ್ಷ ನಿಂತಾಗ ಗೆದ್ದಲು ಅದನ್ನು ಒಳಗಿಂದ ತಿಂದಿತ್ತು. ಹೊರಗೆ ಬಣ್ಣ ಹಾಗೇ ಇತ್ತು. ಬಾಗಿಲಿನ ಕಂಬಕ್ಕೆ ಹೆಬ್ಬೆರಳು ಒತ್ತಿದರೆ ಹಪ್ಪಳದ ಹಾಗೆ ಮುರಿದು ಒಳಗೆ ಹೋಯಿತು. 2004ರಲ್ಲಿ ಅದನ್ನು ನೋಡಿ ನಾನು ನೆಲದ ಮೇಲೆ ಕೂತುಬಿಟ್ಟಿದ್ದೆ. ಆಮೇಲೆ ನಮ್ಮ ಬಡಗಿ ತೇಗದಲ್ಲಿ ಒಂದೊಂದೇ ತುಂಡು ಕೊರೆದು ಕೊಟ್ಟ. ಅವನು ಅದಕ್ಕೆ ಮೊದಲು ಮಾಡುತ್ತಿದ್ದಿದ್ದು ಬರೀ ಬಾಗಿಲು, ಕಿಟಕಿ, ದೇವರ ಮಂಟಪ. ಹಳೇ ತುಂಡಿನಲ್ಲಿ ಪುಡಿಯಾಗಿ ಹೋದ ಜಾಗವನ್ನು ಊಹೆ ಮಾಡಿಕೊಂಡು ಕೆತ್ತುತ್ತಿದ್ದ. ಎಡಗಡೆ ಬಾಗಿಲು ಕೂರಲು ಹನ್ನೊಂದು ತಿಂಗಳು ಹಿಡಿಯಿತು. ಈ ಗಾಡಿಯ ಬಾಗಿಲಿಗೆ ಕೀಲು ಹಿಂದಗಡೆ ಇದೆ, ಮುಂದಿನಿಂದ ಬಿಚ್ಚಿಕೊಳ್ಳುತ್ತದೆ. ಒಂದು ಕೂದಲೆಳೆ ಹೆಚ್ಚುಕಮ್ಮಿ ಆದರೂ ಓಡುವಾಗ ತೆರೆದುಕೊಂಡುಬಿಡುತ್ತದೆ.

ಇನ್ನು ಇಂಜಿನ್ನಿನ ಬೋಲ್ಟು. ತಲೆಗೆ ಇಂಗ್ಲಿಷರ ವಿಟ್‌ವರ್ತ್ ಅಳತೆಯ ಸ್ಪ್ಯಾನರ್ ಬೇಕು, ಆದರೆ ಥ್ರೆಡ್ ನೋಡಿದರೆ ಮೆಟ್ರಿಕ್! ಇಂಥ ಬೋಲ್ಟು ಮಾಮೂಲಿ ಅಂಗಡಿಯಲ್ಲಿ ಸಿಗುವುದಿಲ್ಲ. ಕಾರಣ ಏನು ಗೊತ್ತಾ? 1923ರಲ್ಲಿ ಮೋರಿಸ್ ಕಂಪನಿಯ ಒಡೆಯ ವಿಲಿಯಂ ಮೋರಿಸ್ ಕೋವೆಂಟ್ರಿಯಲ್ಲಿದ್ದ ಫ್ರೆಂಚರ ಹಾಚ್‌ಕಿಸ್ ಕಾರ್ಖಾನೆಯನ್ನು ಕೊಂಡುಕೊಂಡ. ಮೆಷಿನ್ನುಗಳೆಲ್ಲ ಫ್ರೆಂಚ್ ಅಳತೆಯವು. ಅವನ್ನು ಬದಲಾಯಿಸುವ ಬದಲು ಅದೇ ಥ್ರೆಡ್ಡಿಗೆ ಇಂಗ್ಲಿಷ್ ತಲೆ ಕೂರಿಸಿಬಿಟ್ಟರು. ಅದು ಹಾಗೇ ನಡೆದುಕೊಂಡು ಬಂತು. ಸ್ಪ್ಯಾನರನ್ನು ನೀನು ಮುಂಬೈನ ಚೋರ್ ಬಜಾರಿನಿಂದ ಹುಡುಕಿ ಕಳಿಸಿದೆ. ಬೋಲ್ಟನ್ನು ಹರಿಹರದ ಒಬ್ಬ ಹಿರಿಯ ಟರ್ನರ್ ಮಾಡಿಕೊಟ್ಟರು. ಮೈಸೂರು ಕಿರ್ಲೋಸ್ಕರ್ ನಡೆಯುತ್ತಿದ್ದಾಗ ಅಲ್ಲಿ ಕೆಲಸ ಮಾಡಿದವರು. ಅಲ್ಲಿ ಲೇತ್ ಮಾಡುತ್ತಿದ್ದರಲ್ಲ, ಅದೇ ಲೇತ್ ಒಂದು ಈಗ ಅವರ ಮನೆಯ ಹಿಂದೆ ಇದೆ. ಹಳೇ ಬೋಲ್ಟನ್ನು ಉಗುರಿನಿಂದ ಕೆರೆದು ಸದ್ದು ಕೇಳಿಸಿಕೊಂಡು, "ಒಂದೂವರೆ ಪಿಚ್, ನಾಳೆ ಬಾ" ಅಂದರು. ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ ಅಳತೆ ಮಾಡಿ ನೋಡಿದರೆ ಒಂದೂವರೆ ಮಿಲಿಮೀಟರೇ. ಇಂಥವರ ಕೈ ನೋಡಲಿಕ್ಕೇ ನಾನು ಈ ಗಾಡಿ ಬಿಡಲಿಲ್ಲವೇನೋ ಅಂತ ಒಂದೊಂದು ಸಲ ಅನ್ನಿಸುತ್ತದೆ.

ಅಲ್ಲ. ಬಿಡದೇ ಇರುವುದಕ್ಕೆ ಕಾರಣ ಅದಲ್ಲ. ಅದಕ್ಕೇ ಈ ಕಾಗದ.

2021ರಿಂದ ಐವತ್ತು ವರ್ಷ ದಾಟಿದ ಗಾಡಿಗಳಿಗೆ ಬೇರೆ ನಿಯಮ ಬಂದಿದೆ. ಹೊಸದಾಗಿ ನೋಂದಣಿ ಮಾಡಿಸಿದರೆ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರಿನಲ್ಲಿ 'ವಿಎ' ಅಂತ ಬರುತ್ತದೆ. ಮೊದಲೇ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ತಾತನ ನಂಬರ್ ಉಳಿಯುತ್ತದೆ ಅಂತ ಎಷ್ಟು ಖುಷಿ ಆಯಿತು ಅಂತೀಯ. ಆದರೆ ಗಾಡಿಯ ದಾಖಲೆ ಇನ್ನೂ ಅಪ್ಪನ ಹೆಸರಲ್ಲೇ ಇದೆ. ನನ್ನ ಹೆಸರಿಗೆ ಆಗಬೇಕಾದರೆ ವಾರಸುದಾರರ ಒಪ್ಪಿಗೆ ಬೇಕು. ವಾರಸುದಾರರು ಅಂದರೆ ಅಕ್ಕ ಒಬ್ಬಳೇ.

ರಾಣೆಬೆನ್ನೂರಿನಿಂದ ಅಕ್ಕ ತಾನೇ ಕಾರು ಓಡಿಸಿಕೊಂಡು ಬಂದಳು. ಬೆಳಗಿನ ಟ್ಯೂಷನ್ ಮುಗಿಸಿ ಬಂದಿದ್ದಳು. ಈಗಲೂ ದಿನಾ ನಲವತ್ತು ಮಕ್ಕಳಿಗೆ ಪಿಯುಸಿ ಗಣಿತ ಹೇಳಿಕೊಡುತ್ತಾಳೆ. ಗೋಡೌನಿಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. ಬಾಗಿಲು ತೆಗೆದು ಎಡಗಡೆ ಕೂತಳು. ಸ್ಪೀಡೋಮೀಟರಿನ ಗಾಜಿನ ಮೇಲೆ ಬೆರಳಿನಿಂದ ಧೂಳು ಒರೆಸಿದಳು. ಆಮೇಲೆ ಕೇಳಿದಳು, "ಆವತ್ತು ಬೆಂಗಳೂರಿನವನು ಎಷ್ಟಕ್ಕೆ ಕೇಳಿದ್ದ, ಗೊತ್ತೇನೋ?"

ಗೊತ್ತಿಲ್ಲ ಅಂದೆ. ನಿಜವಾಗಲೂ ಮರೆತಿದ್ದೆ.

"ಮೂವತ್ತೆಂಟು ಸಾವಿರ" ಅಂದಳು. "ಎಲ್ಲಿ ಸೈನ್ ಮಾಡಬೇಕು ತೋರಿಸು."

ಅಷ್ಟೇ. ಸೈನ್ ಮಾಡಿದಳು, ಟೀ ಕುಡಿದಳು, ನನ್ನ ಮಗಳಿಗೆ ಎರಡು ಲೆಕ್ಕ ಹೇಳಿಕೊಟ್ಟಳು, ಹೊರಟಳು.

ಆವತ್ತಿನ ದಿನ ನಿನಗೂ ನೆನಪಿರಬೇಕು. 1988, ಮೇ ತಿಂಗಳು. ಮಿಲ್ಲುಗಳು ಸೊರಗುತ್ತಿದ್ದವು, ಅಪ್ಪನ ವ್ಯಾಪಾರ ಕೂತುಹೋಗಿತ್ತು. ಬೆಂಗಳೂರಿನಿಂದ ಒಬ್ಬ ಗಾಡಿ ನೋಡಲು ಬಂದಿದ್ದ. ಸ್ಟಾರ್ಟ್ ಆಗಲಿಲ್ಲ. ಅಪ್ಪ ಹ್ಯಾಂಡಲ್ ಹಾಕಿ ತಿರುಗಿಸಿದರು, ಆಗಲಿಲ್ಲ. ನೀನು, ನಾನು, ಇಬ್ಬರು ಹಮಾಲರು ಸೇರಿ ಅಶೋಕ ರಸ್ತೆಯ ರೈಲ್ವೆ ಗೇಟಿನವರೆಗೂ ತಳ್ಳಿದೆವು. ಗೇಟು ಹಾಕಿತ್ತು. ಆ ಬಿಸಿಲಲ್ಲಿ ನಿನ್ನ ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲೇ ವಾಪಸ್ ತಳ್ಳಿದೆ. ಅಂಗಾಲಲ್ಲಿ ಬೊಬ್ಬೆ ಬಂದಿತ್ತು.

ದೋಸ್ತ, ಅಷ್ಟು ಹೊತ್ತೂ ಡಿಸ್ಟ್ರಿಬ್ಯೂಟರಿನ ರೋಟರ್ ನನ್ನ ಚಡ್ಡಿ ಜೇಬಿನಲ್ಲಿತ್ತು.

ಹೆಬ್ಬೆರಳಿನ ತುದಿಯಷ್ಟು ದೊಡ್ಡದು. ಕಪ್ಪು ಬೇಕಲೈಟ್, ಮೇಲೊಂದು ಹಿತ್ತಾಳೆ ಪಟ್ಟಿ. ಡಿಸ್ಟ್ರಿಬ್ಯೂಟರ್ ಅಂದರೆ ಇಂಜಿನ್ನಿನ ಪ್ಲಗ್ಗುಗಳಿಗೆ ಸರದಿಯಲ್ಲಿ ಕಿಡಿ ಹಂಚುವ ಡಬ್ಬಿ, ಅದರೊಳಗೆ ತಿರುಗುವ ತುಂಡು ಇದು. ಇದಿಲ್ಲದಿದ್ದರೆ ಯಾವ ಪ್ಲಗ್ಗಿಗೂ ಕಿಡಿ ಹೋಗುವುದಿಲ್ಲ. ದಿಲ್ಲಿವರೆಗೆ ತಳ್ಳಿದರೂ ಗಾಡಿ ಏಳುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಕ್ಯಾಪಿನ ಎರಡು ಕ್ಲಿಪ್ ಬಿಚ್ಚಿ ತೆಗೆದುಕೊಂಡಿದ್ದೆ. ನನಗೆ ಹದಿನೈದು ವರ್ಷ. ಗಾಡಿ ಹೋಗಿಬಿಟ್ಟರೆ ಸತ್ತೇ ಹೋಗುತ್ತೇನೆ ಅಂತ ಅನ್ನಿಸಿತ್ತು.

ಇದನ್ನು ಬರೆಯಬೇಕು ಅಂತ ಕೂತವನಲ್ಲ. ಬರೆದಿದ್ದೇನೆ, ಪೂರ್ತಿ ಬರೆದುಬಿಡುತ್ತೇನೆ. ಗಾಡಿ ಮಾರಿದ ದುಡ್ಡು ಅಕ್ಕನ ಇಂಜಿನಿಯರಿಂಗ್ ಸೀಟಿಗೆ ಅಂತ ಅಪ್ಪ ಅಮ್ಮನಿಗೆ ಹಿಂದಿನ ರಾತ್ರಿ ಹೇಳಿದ್ದರು. ನಾನು ಹಜಾರದಲ್ಲಿ ಮಲಗಿದ್ದೆ. ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡೇ ಎದ್ದು ಹೋಗಿ ತೆಗೆದೆ. ಅಕ್ಕನಿಗೆ ಗಣಿತದಲ್ಲಿ ನೂರಕ್ಕೆ ತೊಂಬತ್ತಾರು ಬಂದಿತ್ತು. ಮುಂದಿನ ವರ್ಷ ಮದುವೆ ಮಾಡಿದರು.

ಇದರ ಮೇಲೆ ಇನ್ನೊಂದಿದೆ. ಅಕ್ಕ ಹೋದ ರಾತ್ರಿ ನಿದ್ದೆ ಬರಲಿಲ್ಲ. ಗೋಡೌನಿಗೆ ಹೋಗಿ ಅಪ್ಪನ ಟೂಲ್ ಪೆಟ್ಟಿಗೆ ಬಿಚ್ಚಿ ಕೂತೆ. ತಳದಲ್ಲಿ, ಎಣ್ಣೆ ಬಟ್ಟೆಯ ಕೆಳಗೆ ಒಂದು ನಶ್ಯದ ಡಬ್ಬಿ. ತೆಗೆದರೆ ಹತ್ತಿಯಲ್ಲಿ ಸುತ್ತಿಟ್ಟ ಹೊಸಾ ರೋಟರ್. ಜೊತೆಗೆ ಅಪ್ಪನ ಅಕ್ಷರದ ಚೀಟಿ: "ರೋಟರ್, ಹೆಚ್ಚಿನದು, 12-3-84."

ನಾಲ್ಕು ವರ್ಷ ಮುಂಚೆಯೇ ತಂದಿಟ್ಟಿದ್ದರು. ಆವತ್ತು ಆ ಮನುಷ್ಯನ ಎದುರಿಗೇ ಅಪ್ಪ ಕ್ಯಾಪ್ ಬಿಚ್ಚಿ ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಖಾಲಿ ಕಡ್ಡಿ ನಿಂತಿತ್ತು. ನನ್ನ ಎದೆ ಬಾಯಿಗೆ ಬಂದಿತ್ತು. ಅಪ್ಪ ನನ್ನ ಕಡೆ ತಿರುಗಲೂ ಇಲ್ಲ. ಕ್ಯಾಪ್ ಹಾಕಿ, ಒಂದು ಕ್ಲಿಪ್ ಒತ್ತಿದರು, ಇನ್ನೊಂದು ಕ್ಲಿಪ್ ಒತ್ತಿದರು. "ಇದು ಇವತ್ತು ಏಳಲ್ಲ ಸಾರ್" ಅಂದರು. ಮಾರನೇ ದಿನ ನಾನು ರೋಟರ್ ವಾಪಸ್ ಹಾಕಿದ ಮೇಲೆ ಗಾಡಿ ಒಂದೇ ಎಳೆತಕ್ಕೆ ಎದ್ದಿತು. ಆಗಲೂ ಏನೂ ಕೇಳಲಿಲ್ಲ. ಅವರಿಗೆ ಗೊತ್ತೇ ಆಗಿಲ್ಲ ಅಂತ ಮೂವತ್ತು ವರ್ಷದ ಮೇಲೆ ನಂಬಿಕೊಂಡು ಬಂದೆ.

ಡಬ್ಬಿ ನೋಡಿದಾಗ ಮೊದಲು ನನಗೆ ಆಗಿದ್ದು ಖುಷಿ. ಅಪ್ಪನಿಗೂ ಗಾಡಿ ಬಿಡಲು ಮನಸ್ಸಿರಲಿಲ್ಲ, ನಾವಿಬ್ಬರೂ ಒಂದೇ ಕಡೆ ಇದ್ದೆವು ಅಂತ. ಆಮೇಲೆ ಹೊಟ್ಟೆಯಲ್ಲಿ ತಣ್ಣಗಾಯಿತು. ನಾವಿಬ್ಬರೂ ಒಂದು ಕಡೆ. ಹಾಗಾದರೆ ಅಕ್ಕನ ಕಡೆ ಯಾರಿದ್ದರು?

ಹುಡುಗತನದಲ್ಲಿ ಮಾಡಿದ ತಪ್ಪು ಅಂತ ನಾನು ಅನ್ನಬಹುದು. ಅಪ್ಪ ದೊಡ್ಡವರು. ಅವರ ಮೇಲೆ ಈಗ ಸಿಟ್ಟು ಬರುತ್ತಿದೆ. ಅವರು ಹೋಗಿ ಆರು ವರ್ಷ ಆಯಿತು, ಈಗ ಸಿಟ್ಟು ಬರುತ್ತಿದೆ ನೋಡು. ಆದರೆ ಅಪ್ಪ ಸುಮ್ಮನಿದ್ದದ್ದು ಒಂದು ದಿನ. ನಾನು ಈ ಗಾಡಿಯನ್ನು ಉಳಿಸಿದ್ದು ನಾನೇ ಅಂತ ಒಳಗೊಳಗೇ ಹೆಮ್ಮೆ ಪಟ್ಟುಕೊಂಡು ಇಷ್ಟು ವರ್ಷ ಬಂದೆ. ಬಾಗಿಲಿಗೆ ಹನ್ನೊಂದು ತಿಂಗಳು ಕೊಟ್ಟೆ. ಒಂದು ಬೋಲ್ಟಿಗೆ ಹರಿಹರಕ್ಕೆ ನಾಲ್ಕು ಸಲ ಹೋದೆ. ರಾಣೆಬೆನ್ನೂರು ಒಂದು ಗಂಟೆ ದಾರಿ. ಹೋಗಿ "ಅಕ್ಕ, ಆವತ್ತು ಹೀಗಾಯಿತು" ಅಂತ ಒಂದು ಮಾತು ಹೇಳಲಿಲ್ಲ.

ನಿನಗೆ ಫೋನ್ ಮಾಡಬಹುದಿತ್ತು. ಎಲ್ಲರ ಎದುರು ಬರೆಯುತ್ತಿದ್ದೇನೆ, ಯಾಕೆಂದರೆ ಅಕ್ಕ ನಾನು ಬರೆದಿದ್ದನ್ನು ತಪ್ಪದೇ ಓದುತ್ತಾಳೆ. ಮುಖ ನೋಡಿ ಹೇಳುವುದಕ್ಕೆ ಆಗುತ್ತಿಲ್ಲ.

ಇರಲಿ ಬಿಡು. ಬ್ರೇಕ್ ವಿಷಯಕ್ಕೆ ಬರುತ್ತೇನೆ. ಮುಂದಿನ ಎಡಚಕ್ರದ ಸಿಲಿಂಡರ್ ಹನಿ ಹನಿ ಸೋರುತ್ತಿದೆ, ರಬ್ಬರ್ ಕಪ್ ಬೇಕು. ಅಳತೆಯ ಫೋಟೋ ಕಳಿಸಿದ್ದೇನೆ. ಶುಕ್ರವಾರ ಚೋರ್ ಬಜಾರ್ ಕಡೆ ಹೋದರೆ ಎರಡು ಜೊತೆ ತಾ. ಬರುವಾಗ ನಿನ್ನ ಕಾಲಿಗೆ ಒಳ್ಳೇ ಚಪ್ಪಲಿ ಹಾಕಿಕೊಂಡು ಬಾ. ಬೇಡ, ನಾನೇ ಕೊಡಿಸುತ್ತೇನೆ, ಮೂವತ್ತು ವರ್ಷದ ಬಾಕಿ ಅದು.

ಬ್ರೇಕ್ ಆದ ಕೂಡಲೇ ಒಂದು ಬೆಳಗ್ಗೆ ಚಿತ್ರದುರ್ಗದವರೆಗೂ ಹೋಗೋಣ. ಬೆಣ್ಣೆ ದೋಸೆ ತಿಂದು ಹೊರಟು, ಆನಗೋಡು ದಾಟಿ, ಭರಮಸಾಗರದಲ್ಲಿ ಟೀ. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಗಾಜು ಮಲಗಿಸೋಣ. ನಿನ್ನೆ ಅಕ್ಕನಿಗೆ ಮೆಸೇಜ್ ಹಾಕಿದ್ದೆ, ನೀನೇ ಓಡಿಸ್ತೀಯಾ ಅಂತ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು: "ಕ್ಲಚ್ ಗಟ್ಟಿ ಇದೆಯಾ?"

ಎಡಗಡೆ ನಾನು ಕೂರುತ್ತೇನೆ, ಮೀಟರ್ ನಾನು ಓದುತ್ತೇನೆ. ನಿನಗೆ ಜಾಗ ಇಲ್ಲ. ಹಿಂದೆ ಬೈಕಲ್ಲಿ ಬಾ, ಮಜ್ಜಿಗೆ ಕ್ಯಾನ್ ಹಿಡಿದುಕೊಂಡು. ಮುಚ್ಚಳ ಗಟ್ಟಿ ಹಾಕು ಈ ಸಲ.

ನಿನ್ನ,
ಮೂಟೆ