ತಾಮ್ರದ ಚೊಂಬಿನ ನೀರು ಎಲ್ಲರಿಗೂ ಅಲ್ಲ

ಸಂಪಾದಕರೇ,

ರಾತ್ರಿ ತಾಮ್ರದ ಚೊಂಬಿನಲ್ಲಿಟ್ಟ ನೀರನ್ನು ಬೆಳಗ್ಗೆ ಕುಡಿದರೆ ಎಲ್ಲರಿಗೂ ಒಳ್ಳೆಯದು ಅಂತ ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಬಂದಿತ್ತು. ಆ ‘ಎಲ್ಲರಿಗೂ’ ಓದಿ ಸುಮ್ನೆ ಇರಲು ಆಗಲಿಲ್ಲ. ನಮ್ಮ ಮನೆಯಲ್ಲೇ ಇಬ್ಬರಿಗೆ ವಿಲ್ಸನ್ ಕಾಯಿಲೆ, ಅಂದರೆ ಮೈಯಲ್ಲಿ ತಾಮ್ರ ತುಂಬಿಕೊಳ್ಳುವ ಕಾಯಿಲೆ ಇದೆ, ಅವರು ಆ ನೀರು ಮುಟ್ಟುವಂತಿಲ್ಲ.

ಅಕ್ಕನ ಮಗ ಒಂಬತ್ತನೇ ಕ್ಲಾಸಿನಲ್ಲಿದ್ದ. ಮುತ್ತಿನಂತಿದ್ದ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಯಿತು. ಶಾಲೆಯಲ್ಲಿ ಸೋಮಾರಿ ಅಂದರು. ಆಮೇಲೆ ಕೈ ನಡುಗಿತು, ಮಾತು ತೊದಲಿತು, ಬಾಯಿಂದ ಜೊಲ್ಲು, ಕತ್ತು ಒಂದು ಕಡೆಗೆ ಎಳೆತ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದಾಯಿತು, ಪರೀಕ್ಷೆಯ ಭಯ ಅಷ್ಟೇ ಅಂತ ಒಬ್ಬ ಡಾಕ್ಟರು ನಿದ್ದೆ ಮಾತ್ರೆ ಬರೆದದ್ದಾಯಿತು, ಹೀಗೇ ಒಂದೂವರೆ ವರ್ಷ ಕಳೆಯಿತು. ಕೊನೆಗೆ ಕಣ್ಣಿನ ಡಾಕ್ಟರೊಬ್ಬರು ಸ್ಲಿಟ್ ಲ್ಯಾಂಪ್ ಅನ್ನೋ ಕಣ್ಣು ಪರೀಕ್ಷೆಯ ಯಂತ್ರದಲ್ಲಿ ನೋಡಿ, ಕರಿಗುಡ್ಡೆಯ ಅಂಚಿನಲ್ಲಿ ಕಂದು ಉಂಗುರ ಇದೆ, ಇದು ವಿಲ್ಸನ್ ಕಾಯಿಲೆ ಇರಬಹುದು ಅಂದರು. ನಾವು ಆ ಹೆಸರೇ ಕೇಳಿರಲಿಲ್ಲ. 1912ರಲ್ಲೇ ಲಂಡನ್ನಿನಲ್ಲಿ ಕಿನ್ನಿಯರ್ ವಿಲ್ಸನ್ ಅನ್ನೋ ಡಾಕ್ಟರು ಇದರ ಬಗ್ಗೆ ವಿವರವಾಗಿ ಬರೆದಿದ್ದರಂತೆ.

ಊಟದಲ್ಲಿ ತಾಮ್ರ ಇದ್ದೇ ಇರುತ್ತದೆ, ಮೈಗೆ ಸ್ವಲ್ಪ ಬೇಕು ಕೂಡ. ಜಾಸ್ತಿಯಾದದ್ದನ್ನು ಲಿವರ್ ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಹಾಗೆ ಹೊರಹಾಕುವ ಪಂಪನ್ನು ಮಾಡಿಸುವುದು 13ನೇ ಕ್ರೋಮೋಸೋಮಿನಲ್ಲಿರುವ ಎಟಿಪಿ7ಬಿ ಅನ್ನೋ ಜೀನ್. ಅದು ಕೆಟ್ಟರೆ ತಾಮ್ರ ಮೊದಲು ಲಿವರಿನಲ್ಲಿ ತುಂಬುತ್ತದೆ, ಆಮೇಲೆ ಮಿದುಳಿನಲ್ಲಿ, ಅದರಲ್ಲೂ ಕೈಕಾಲಿನ ಚಲನೆಯನ್ನು ಹದದಲ್ಲಿಡುವ ಜಾಗದಲ್ಲಿ. ನಡುಕ, ಸೆಳೆತ ಬರುವುದು ಅದಕ್ಕೇ.

ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಯಿಲೆ. ಒಂದೇ ಇದ್ದವರು ಆರಾಮಾಗಿರುತ್ತಾರೆ, ಅವರಿಗೆ ಗೊತ್ತೂ ಆಗುವುದಿಲ್ಲ. ಅಕ್ಕನದು ಸೋದರಮಾವನ ಜೊತೆ ಮದುವೆ. ‘ಯಾರ ಕಡೆಯಿಂದ ಬಂತು?’ ಅಂತ ನೆಂಟರು ಕೇಳುತ್ತಿದ್ದರು. ಎರಡೂ ಕಡೆ ಒಂದೇ ಮನೆ ಅಲ್ವಾ! ಹಾಗಂತ ಹೊರಗಿನ ಸಂಬಂಧ ತಂದರೆ ಬರುವುದೇ ಇಲ್ಲ ಅಂತಲ್ಲ. ಒಳಗೊಳಗೇ ಕೊಟ್ಟು ತಂದುಕೊಂಡರೆ ಒಂದೇ ಕೆಟ್ಟ ಜೀನ್ ಎರಡು ದಾರಿಯಲ್ಲಿ ಬಂದು ಸೇರುವ ಅವಕಾಶ ಜಾಸ್ತಿ, ಅಷ್ಟೇ.

ಮಿದುಳನ್ನು ಕೆಡಿಸುವ ಇನ್ನೊಂದು ವಂಶಪಾರಂಪರ್ಯ ಕಾಯಿಲೆ ಹಂಟಿಂಗ್ಟನ್, ಅದರ ಲೆಕ್ಕ ಬೇರೆ. ಅಲ್ಲಿ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಬಂದರೂ ಸಾಕು, ಮಗುವಿಗೆ ಅರ್ಧಕ್ಕರ್ಧ ಅಪಾಯ. ಎರಡೂ ಕಾಯಿಲೆಗಳ ಜೀನ್ ಸಿಕ್ಕಿದ್ದು 1993ರಲ್ಲೇ. ಆದರೆ ಹಂಟಿಂಗ್ಟನ್‌ಗೆ ಗುಣ ಮಾಡುವ ಔಷಧಿ ಇಲ್ಲ, ವಿಲ್ಸನ್‌ಗೆ ಜಾನ್ ವಾಲ್ಶ್ ಅನ್ನೋ ಡಾಕ್ಟರು 1956ರಲ್ಲೇ ಪೆನಿಸಿಲಮೈನ್ ತೋರಿಸಿಕೊಟ್ಟರು. ತಾಮ್ರವನ್ನು ಮೂತ್ರದಲ್ಲಿ ಹೊರಗೆ ತರುವ ಮಾತ್ರೆ ಅದು. ಊಟದ ತಾಮ್ರ ಮೈಗೆ ಹತ್ತದಂತೆ ತಡೆಯಲು ಜಿಂಕ್ ಇದೆ. ಎಷ್ಟೋ ವಂಶಪಾರಂಪರ್ಯ ಕಾಯಿಲೆಗಳಿಗೆ ಇಲ್ಲದ ಭಾಗ್ಯ ಇದು, ಅದಕ್ಕೇ ಕಳೆದುಹೋದ ಆ ಒಂದೂವರೆ ವರ್ಷ ನೆನೆದರೆ ಹೊಟ್ಟೆ ಉರಿಯುತ್ತದೆ. ಹುಡುಗ ಈಗ ನಡೆಯುತ್ತಾನೆ, ಬರೆಯುತ್ತಾನೆ, ಮಾತು ಮಾತ್ರ ಇನ್ನೂ ಪೂರ್ತಿ ಸರಿಹೋಗಿಲ್ಲ.

ನಾನು ಮುಖ್ಯವಾಗಿ ಹೇಳಬೇಕಿದ್ದುದು ಅವನ ತಂಗಿಯ ವಿಷಯ. ಒಬ್ಬರಿಗೆ ಇದ್ದರೆ ಒಡಹುಟ್ಟಿದ ಒಬ್ಬೊಬ್ಬರಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಕುಂಟೆಬಿಲ್ಲೆ ಆಡಿಕೊಂಡಿದ್ದ ಹುಡುಗಿಗೆ ಯಾಕೆ ರಕ್ತ, ಮೂತ್ರ, ಜೀನ್ ಪರೀಕ್ಷೆ ಅಂತ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಮಾಡಿಸಿದೆವು. ಅವಳಿಗೂ ಇತ್ತು. ಆಗಿನಿಂದ ಜಿಂಕ್ ತಪ್ಪಿಸಿಲ್ಲ, ಇವತ್ತಿಗೂ ಅವಳಿಗೆ ಒಂದು ನಡುಕವಿಲ್ಲ. ಮಾತ್ರೆ ಜೀವನಪೂರ್ತಿ ಬೇಕು. ಚೆನ್ನಾಗಿದ್ದೇನೆ ಅಂತ ನಿಲ್ಲಿಸಿದರೆ ಲಿವರ್ ಕೈಕೊಡಬಹುದು.

ನಿಮ್ಮಲ್ಲಿ ಕೇಳುವುದು ಇಷ್ಟೇ: ಮುಂದಿನ ವಾರ ಅದೇ ಪುಟದಲ್ಲಿ ‘ವಿಲ್ಸನ್ ಕಾಯಿಲೆ ಇದ್ದವರು ತಾಮ್ರದ ಪಾತ್ರೆಯ ನೀರು ಕುಡಿಯಬಾರದು, ಅವರ ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಳ್ಳಬೇಕು’ ಅಂತ ಎರಡು ಸಾಲು ಹಾಕಿ. ಸಣ್ಣ ಅಕ್ಷರದಲ್ಲಾದರೂ ಪರವಾಗಿಲ್ಲ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ ಜಿಲ್ಲೆ